ಇಲಿಯಲ್ಲಿ ಗೆದ್ದ ದಾಳಿಂಬೆ, ಮನುಷ್ಯನಲ್ಲಿ ಎಡವಿದ್ದೆಲ್ಲಿ?

ಪುಣೆಯಿಂದ ಸೋಲಾಪುರದ ಹೆದ್ದಾರಿ ಹಿಡಿದು ಸುಮಾರು 140 ಕಿ.ಮೀ. ಬಂದರೆ ಇಂದಾಪುರ. ಒಂದು ಕಡೆ ಉಜನಿ ಜಲಾಶಯದ ಹಿನ್ನೀರು, ಇನ್ನೊಂದು ಕಡೆ ನೀರಾ ನದಿ, ನಡುವೆ ಕಬ್ಬು, ಪೇರಲ ಮತ್ತು ದಾಳಿಂಬೆ. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿ ಇರುವುದು ಪುಣೆಯಲ್ಲಿ. ವಾರಕ್ಕೊಮ್ಮೆ ಆಫೀಸಿಗೆ ಮುಖ ತೋರಿಸಿ, ಉಳಿದ ದಿನ ಇಲ್ಲಿನ ಬಾಡಿಗೆ ಮನೆಯಿಂದಲೇ ದುಡಿಮೆ. ಹುಟ್ಟೂರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಉಜನಿಯಲ್ಲಿ ನಿಂತ ಭೀಮೆಯೇ ಮುಂದೆ ಹರಿದು ನಮ್ಮ ತಾಲ್ಲೂಕಿನ ಅಂಚಿಗೂ ಬರುತ್ತಾಳೆ. ಅಲ್ಲೂ ದಾಳಿಂಬೆ, ಇಲ್ಲೂ ದಾಳಿಂಬೆ. ಹೀಗಾಗಿ ಈ ಹಣ್ಣಿನ ಬಗ್ಗೆ ಎರಡೂ ಕಡೆಯ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ.

ಎರಡೂ ಕಡೆ ಸುತ್ತುವ ಒಂದು ವಾಟ್ಸ್‌ಆ್ಯಪ್ ಸಂದೇಶವನ್ನು ನೀವೂ ನೋಡಿರಬಹುದು. ದಾಳಿಂಬೆ ರಸ ಪ್ರಾಸ್ಟೇಟ್ ಕ್ಯಾನ್ಸರಿನ ಗಡ್ಡೆಯನ್ನು ಕರಗಿಸುತ್ತದೆ, ಅಮೆರಿಕದ ವಿಜ್ಞಾನಿಗಳು ಇದನ್ನು ಸಾಬೀತು ಮಾಡಿದ್ದಾರೆ, ಆದರೆ ಔಷಧ ಕಂಪನಿಗಳು ಮುಚ್ಚಿಟ್ಟಿವೆ ಎಂಬುದು ಅದರ ಸಾರ. ಕೆಳಗೆ ಎಂದಿನಂತೆ, ಹತ್ತು ಜನರಿಗೆ ಕಳಿಸಿ ಎಂಬ ವಿನಂತಿ.

ಇದು ಪೂರ್ತಿ ಸುಳ್ಳಾಗಿದ್ದರೆ ಅಳಿಸಿ ಸುಮ್ಮನಿರಬಹುದಿತ್ತು. ತೊಂದರೆ ಏನೆಂದರೆ ಇದರೊಳಗೆ ಒಂದು ನಿಜವಾದ ಪ್ರಯೋಗ ಅಡಗಿದೆ. ಆ ಪ್ರಯೋಗ ಎಲ್ಲಿ ಆರಂಭವಾಯಿತು, ಎಲ್ಲಿಗೆ ಬಂದು ನಿಂತಿತು ಎಂಬುದು ಹಳ್ಳಿಯಲ್ಲಿ ವಯಸ್ಸಾದ ತಂದೆಯನ್ನೋ ಮಾವನನ್ನೋ ಬಿಟ್ಟು ಪರಊರಿನಲ್ಲಿ ದುಡಿಯುವ ನಮ್ಮಂಥವರಿಗೆ ಗೊತ್ತಿರಬೇಕು. ಏಕೆಂದರೆ ಫೋನಿನಲ್ಲಿ ಆ ಪ್ರಶ್ನೆ ಬರುವುದು ನಮಗೇ.

ಕೂದಲಿಲ್ಲದ ಇಲಿ ಮತ್ತು ಕೆಂಪು ನೀರು

ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ, ಅಕ್ರೋಟು ಕಾಯಿಯಷ್ಟು ದೊಡ್ಡ ಗ್ರಂಥಿ. ಅದರ ಕೋಶಗಳು ಪಿಎಸ್‌ಎ ಎಂಬ ಪ್ರೋಟೀನನ್ನು ತಯಾರಿಸುತ್ತವೆ. ಗ್ರಂಥಿಯಲ್ಲಿ ಕ್ಯಾನ್ಸರ್ ಬೆಳೆದಾಗ ಸಾಮಾನ್ಯವಾಗಿ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ವಯಸ್ಸಿಗೆ ಬರುವ ಗ್ರಂಥಿಯ ಊತ, ಸೋಂಕು ಇಂಥ ಕಾರಣಗಳಿಂದಲೂ ಏರಬಹುದು. ಹಾಗಾಗಿ ಪಿಎಸ್‌ಎ ಒಂದು ಸುಳಿವೇ ಹೊರತು ತೀರ್ಪಲ್ಲ.

2005ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಸನ್ ಮುಖ್ತಾರ್ ಅವರ ತಂಡ, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ದಾಳಿಂಬೆಯ ಸಾರವನ್ನು ಮೊದಲು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲೆ, ಆಮೇಲೆ ಇಲಿಗಳ ಮೇಲೆ ಪರೀಕ್ಷಿಸಿದ ವಿವರ ಅದರಲ್ಲಿತ್ತು.

ಇಲಿಗಳು ಎಂದರೆ ನಮ್ಮ ಮನೆಯ ಉಗ್ರಾಣದ ಇಲಿಗಳಲ್ಲ. ಮೈಮೇಲೆ ಕೂದಲಿಲ್ಲದ, ಥೈಮಸ್ ಎಂಬ ಗ್ರಂಥಿಯೇ ಸರಿಯಾಗಿ ಬೆಳೆಯದ ವಿಶೇಷ ತಳಿ. ಥೈಮಸ್ ಇಲ್ಲದಿದ್ದರೆ ರೋಗನಿರೋಧಕ ವ್ಯವಸ್ಥೆಯ ಮುಖ್ಯ ಸೈನಿಕರಾದ ಟಿ ಕೋಶಗಳು ತಯಾರಾಗುವುದಿಲ್ಲ. ಆಗ ಮನುಷ್ಯನ ಕ್ಯಾನ್ಸರ್ ಕೋಶವನ್ನು ಚರ್ಮದ ಕೆಳಗೆ ಚುಚ್ಚಿದರೂ ಇಲಿಯ ದೇಹ ಅದನ್ನು ಹೊರಗಿನವನೆಂದು ಹೊಡೆದೋಡಿಸುವುದಿಲ್ಲ. ಕೋಶ ಬೇರೂರಿ ಗಡ್ಡೆಯಾಗುತ್ತದೆ. ಇಂಥ ಇಲಿಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಬರೀ ನೀರು, ಉಳಿದ ಎರಡಕ್ಕೆ ಶೇ 0.1 ಮತ್ತು ಶೇ 0.2ರಷ್ಟು ದಾಳಿಂಬೆ ಸಾರ ಬೆರೆಸಿದ ನೀರು ಕೊಟ್ಟರು.

ಇಂಥ ಪ್ರಯೋಗಗಳಲ್ಲಿ ಗಡ್ಡೆಯನ್ನು ಅಳೆಯುವ ರೀತಿ ಬಹಳ ಸರಳ. ನಾವು ಡಿಪ್ಲೊಮಾ, ಎಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ ಹಿಡಿಯುತ್ತಿದ್ದ ಕ್ಯಾಲಿಪರ್ರೇ ಅಲ್ಲೂ ಉಪಕರಣ. ಗಡ್ಡೆಯ ಉದ್ದ, ಅಗಲ, ಎತ್ತರ ಅಳೆದು, ಮೂರನ್ನೂ ಗುಣಿಸಿ, ಸುಮಾರು 0.52ರಿಂದ ಮತ್ತೆ ಗುಣಿಸಿದರೆ ಮೊಟ್ಟೆಯಾಕಾರದ ಗಡ್ಡೆಯ ಗಾತ್ರ ಸಿಗುತ್ತದೆ. ಗಡ್ಡೆ ಮೊದಲೇ ಗೊತ್ತುಪಡಿಸಿದ ಗಾತ್ರ ಮುಟ್ಟಿದರೆ ಆ ಇಲಿಯ ಮಟ್ಟಿಗೆ ಪ್ರಯೋಗ ಮುಗಿದಂತೆ.

ಫಲಿತಾಂಶ ಚೆನ್ನಾಗಿಯೇ ಇತ್ತು. ಬರೀ ನೀರು ಕುಡಿದ ಇಲಿಗಳಿಗಿಂತ ದಾಳಿಂಬೆ ನೀರು ಕುಡಿದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು. ರಕ್ತದ ಪಿಎಸ್‌ಎ ಕೂಡ ಕಡಿಮೆಯಿತ್ತು. 2012ರಲ್ಲಿ ಅದೇ ಪ್ರಯೋಗಾಲಯ ಇನ್ನೊಂದು ಬಗೆಯ ಇಲಿಗಳನ್ನು ತೆಗೆದುಕೊಂಡಿತು. ವಯಸ್ಸಿಗೆ ಬರುತ್ತಲೇ ತಾವಾಗಿಯೇ ಪ್ರಾಸ್ಟೇಟ್ ಕ್ಯಾನ್ಸರ್ ಬರುವಂತೆ ವಂಶವಾಹಿ ತಿದ್ದಿದ ಇಲಿಗಳವು. 20 ವಾರಕ್ಕೆ, ಬರೀ ನೀರು ಕುಡಿದ ಇಲಿಗಳಲ್ಲಿ ಅಷ್ಟಕ್ಕೂ ಗಡ್ಡೆ ಬಂದಿತ್ತು. ಕಡಿಮೆ ಪ್ರಮಾಣದ ಸಾರ ಕುಡಿದವುಗಳಲ್ಲಿ ಶೇ 30ಕ್ಕೆ, ಹೆಚ್ಚು ಪ್ರಮಾಣ ಕುಡಿದವುಗಳಲ್ಲಿ ಶೇ 20ಕ್ಕೆ ಮಾತ್ರ.

ಈ ಅಂಕಿಗಳನ್ನು ನೋಡಿದ ಯಾರಿಗಾದರೂ ಆಸೆ ಹುಟ್ಟುವುದು ಸಹಜ. ಆದರೆ ಒಂದು ಪದವನ್ನು ಗಮನಿಸಬೇಕು. 2005ರ ಪ್ರಯೋಗದಲ್ಲಿ ಗಡ್ಡೆಯ ಬೆಳವಣಿಗೆ ನಿಧಾನವಾಯಿತು. ಕರಗಿಹೋಗಲಿಲ್ಲ. ವಾಟ್ಸ್‌ಆ್ಯಪ್ ಸಂದೇಶ ಮೊದಲು ತಿದ್ದಿದ್ದು ಈ ಕ್ರಿಯಾಪದವನ್ನು.

15 ತಿಂಗಳು 54 ಆಯಿತು

ಇಲಿಯಿಂದ ಮನುಷ್ಯನ ಕಡೆಗೆ ಮೊದಲ ಹೆಜ್ಜೆ ಇಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ವೈದ್ಯ ಆ್ಯಲನ್ ಪ್ಯಾಂಟಕ್ ಮತ್ತು ಸಂಗಡಿಗರು. ಅವರ ವರದಿ 2006ರಲ್ಲಿ ಬಂತು. ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ಮುಗಿದ ಮೇಲೂ ಪಿಎಸ್‌ಎ ಮತ್ತೆ ಏರತೊಡಗಿದ ಗಂಡಸರನ್ನು ಆಯ್ದು, ದಿನಕ್ಕೆ 8 ಔನ್ಸ್, ಅಂದರೆ ಒಂದು ದೊಡ್ಡ ಲೋಟದಷ್ಟು ದಾಳಿಂಬೆ ರಸ ಕುಡಿಸಿದರು.

ಇಲ್ಲಿ ಅಳತೆಗೋಲು ಗಡ್ಡೆಯ ಗಾತ್ರವಲ್ಲ, ಪಿಎಸ್‌ಎ ಇಮ್ಮಡಿಯಾಗಲು ಹಿಡಿಯುವ ಕಾಲ. ಬ್ಯಾಂಕಿನ ಚಕ್ರಬಡ್ಡಿಯ ಹಾಗೆ ಯೋಚಿಸಿ. ಸಾಲ 1 ಲಕ್ಷದಿಂದ 2 ಲಕ್ಷವಾಗಲು ಎಷ್ಟು ತಿಂಗಳು ಬೇಕು ಎನ್ನುತ್ತೇವಲ್ಲ, ಹಾಗೆ. ಆ ಕಾಲ ಉದ್ದವಾದಷ್ಟೂ ರೋಗಿಗೆ ಒಳ್ಳೆಯದು. ರಸ ಕುಡಿಯುವ ಮೊದಲು ಅದು ಸರಾಸರಿ 15 ತಿಂಗಳಿತ್ತು. ಕುಡಿದ ಮೇಲೆ 54 ತಿಂಗಳಾಯಿತು.

ಪತ್ರಿಕೆ, ಟಿ.ವಿ. ಎಲ್ಲ ಕಡೆ ಸುದ್ದಿಯಾಯಿತು. ನಮ್ಮ ಫೋನುಗಳಲ್ಲಿ ಇಂದಿಗೂ ಸುತ್ತುತ್ತಿರುವ ಸಂದೇಶದ ಬೇರು ಇದೇ ಎಂದು ನನ್ನ ಅಂದಾಜು. ಆದರೆ ಆ ಅಧ್ಯಯನದಲ್ಲಿ ಇದ್ದವರು 46 ಜನ. ಅಷ್ಟೂ ಜನ ರಸ ಕುಡಿದವರೇ. ರಸ ಕುಡಿಯದ ಹೋಲಿಕೆಯ ಗುಂಪು ಇರಲಿಲ್ಲ.

ಇಲಿಗೆ ಕೂಡ ಬರೀ ನೀರಿನ ಗುಂಪು ಇಟ್ಟಿದ್ದರು. ಮನುಷ್ಯನಿಗೆ ಮೊದಲ ಸುತ್ತಿನಲ್ಲಿ ಇಟ್ಟಿರಲಿಲ್ಲ. ಹೊಸದೊಂದನ್ನು ಮೊದಲು ಸಣ್ಣದಾಗಿ ನೋಡುವಾಗ ಹೀಗೆ ಮಾಡುವುದು ತಪ್ಪೇನಲ್ಲ. ಅಷ್ಟರಿಂದಲೇ ತೀರ್ಮಾನಕ್ಕೆ ಬರುವುದು ತಪ್ಪು.

ಔಷಧಿ ಹೊಡೆಯದ ಎರಡು ಸಾಲು

ಹೋಲಿಕೆಯ ಗುಂಪು ಏಕೆ ಬೇಕು ಎಂಬುದನ್ನು ನನ್ನ ಎಂಟೆಕ್ ಪುಸ್ತಕಗಳಿಗಿಂತ ಚೆನ್ನಾಗಿ ವಿವರಿಸಿದವರು ಇಂದಾಪುರದ ನಮ್ಮ ಪಕ್ಕದ ಮನೆಯ ಕಾಕಾ. ಅವರದು ಭಗವಾ ತಳಿಯ ತೋಟ. ದಾಳಿಂಬೆ ಬೆಳೆಗಾರರ ದೊಡ್ಡ ಶತ್ರು ದುಂಡಾಣು ಅಂಗಮಾರಿ. ಎಣ್ಣೆ ಹಚ್ಚಿದಂಥ ಕಲೆ ಬೀಳುವುದರಿಂದ ಮರಾಠಿಯಲ್ಲಿ ಇದಕ್ಕೆ ತೇಲ್ಯಾ ಎನ್ನುತ್ತಾರೆ. ಮಳೆ ಮತ್ತು ತೇವ ಇದ್ದಾಗ ಹಬ್ಬುವ ರೋಗ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆ ಎಷ್ಟು ತೋಟಗಳನ್ನು ಕಿತ್ತು ಹಾಕಿಸಿತು ಎಂಬುದು ಅಲ್ಲಿಯವರಿಗೆ ಗೊತ್ತು.

ಒಂದು ವರ್ಷ ಅಂಗಡಿಯವನು ಹೊಸ ಔಷಧಿ ಕೊಟ್ಟನಂತೆ. ಕಾಕಾ ಇಡೀ ತೋಟಕ್ಕೆ ಹೊಡೆದರು, ಕೊನೆಯ ಎರಡು ಸಾಲು ಮಾತ್ರ ಹಾಗೇ ಬಿಟ್ಟರು. ಮೂರು ವಾರ ಕಳೆದು ನೋಡಿದರೆ ತೋಟದಲ್ಲಿ ಹೊಸ ಕಲೆ ಬೀಳುವುದು ನಿಂತಿತ್ತು. ಔಷಧಿ ಹೊಡೆಯದ ಎರಡು ಸಾಲಿನಲ್ಲೂ ನಿಂತಿತ್ತು. ಆಗಿದ್ದಿಷ್ಟೇ, ಆ ಮೂರು ವಾರ ಮಳೆ ಬಿದ್ದಿರಲಿಲ್ಲ. ಆ ಎರಡು ಸಾಲು ಬಿಡದೇ ಹೋಗಿದ್ದರೆ ಹೊಸ ಔಷಧಿಗೆ ಪೂರ್ತಿ ಶ್ರೇಯ ಸಿಗುತ್ತಿತ್ತು, ಮುಂದಿನ ವರ್ಷ ಇನ್ನಷ್ಟು ದುಡ್ಡು ಹೋಗುತ್ತಿತ್ತು.

ಸಾಫ್ಟ್‌ವೇರಿನಲ್ಲಿ ನಾವು ಮಾಡುವುದೂ ಇದನ್ನೇ. ಆ್ಯಪ್‌ನಲ್ಲಿ ಒಂದು ಬದಲಾವಣೆ ತಂದರೆ ಅರ್ಧ ಬಳಕೆದಾರರಿಗೆ ಹೊಸದು, ಅರ್ಧಕ್ಕೆ ಹಳೆಯದು ತೋರಿಸುತ್ತೇವೆ. ದೀಪಾವಳಿ ವಾರದಲ್ಲಿ ಎಲ್ಲರಿಗೂ ಹೊಸದನ್ನೇ ತೋರಿಸಿ, ಮಾರಾಟ ಹೆಚ್ಚಾಯಿತು, ಇದು ನಮ್ಮ ಬಟನ್ನಿನ ಮಹಿಮೆ ಎಂದರೆ ಮ್ಯಾನೇಜರ್ ನಗುತ್ತಾರೆ. ದೀಪಾವಳಿಗೆ ಮಾರಾಟ ಹೇಗೂ ಹೆಚ್ಚುತ್ತದೆ.

ಹಾಗಾದರೆ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಏನೂ ಕೊಡದಿದ್ದರೂ ಪಿಎಸ್‌ಎ ಏರುವ ವೇಗ ತಗ್ಗುವುದುಂಟೆ?

ಹುಸಿಗುಳಿಗೆಯ ಪಾಠ

ಇದಕ್ಕೆ ಉತ್ತರ ಹುಡುಕಿದವರೂ ಅದೇ ಪ್ಯಾಂಟಕ್. ತಮಗೆ ಹೆಸರು ತಂದ ಫಲಿತಾಂಶವನ್ನು ತಾವೇ ಇನ್ನೊಮ್ಮೆ, ಇನ್ನೂ ಬಿಗಿಯಾಗಿ ಪರೀಕ್ಷೆಗೆ ಒಡ್ಡಿದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿಸಿದ್ದು ಮೊದಲ ಅಧ್ಯಯನವಲ್ಲ, ಈ ಎರಡನೆಯದು. 183 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪಿಗೆ ಹಂಚಿದರು. ಒಂದಕ್ಕೆ ದಾಳಿಂಬೆ ಸಾರ, ಒಂದಕ್ಕೆ ರಸ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ, ಒಳಗೆ ದಾಳಿಂಬೆ ಇಲ್ಲದ ಪ್ಲಸೀಬೊ, ಅಂದರೆ ಹುಸಿಮದ್ದು. ಯಾರು ಯಾವುದನ್ನು ತೆಗೆದುಕೊಳ್ಳುತ್ತಿದ್ದಾರೆ ಎಂಬುದು ರೋಗಿಗೂ ಗೊತ್ತಿಲ್ಲ, ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿಲ್ಲ.

2015ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಪಿಎಸ್‌ಎ ಇಮ್ಮಡಿಯಾಗುವ ಕಾಲ ಸಾರ ತೆಗೆದುಕೊಂಡವರಲ್ಲಿ 12.9 ತಿಂಗಳಿಂದ 14.5ಕ್ಕೆ ಹೋಯಿತು. ರಸ ಕುಡಿದವರಲ್ಲಿ 12.7ರಿಂದ 20.3ಕ್ಕೆ. ಹುಸಿಮದ್ದಿನವರಲ್ಲಿ 11.1ರಿಂದ 15.6ಕ್ಕೆ. ಮೂರು ಗುಂಪುಗಳ ನಡುವಿನ ವ್ಯತ್ಯಾಸ ಆಕಸ್ಮಿಕಕ್ಕಿಂತ ಹೆಚ್ಚಿನದು ಎನ್ನಲು ಆಧಾರ ಸಿಗಲಿಲ್ಲ.

ರಸದ ಗುಂಪಿನ ಅಂಕಿ ಚೆನ್ನಾಗಿದೆಯಲ್ಲ ಎಂದು ಕೇಳಬಹುದು. ಆ ಗುಂಪಿನಲ್ಲಿ ಇದ್ದವರು 17 ಜನ ಮಾತ್ರ. ಒಬ್ಬಿಬ್ಬರ ಅಂಕಿ ಮೇಲೆ ಕೆಳಗೆ ಆದರೂ ಇಡೀ ಗುಂಪಿನ ಅಂಕಿ ಕುಣಿಯುವಷ್ಟು ಚಿಕ್ಕ ಗುಂಪು. ಇನ್ನು ಸಾರದ ಗುಂಪು ಹುಸಿಮದ್ದಿನ ಗುಂಪಿಗಿಂತಲೂ ಕಡಿಮೆ ಸುಧಾರಿಸಿತ್ತು. ಒಂದು ನಿರ್ದಿಷ್ಟ ವಂಶವಾಹಿ ಇರುವ ರೋಗಿಗಳಲ್ಲಿ ಸ್ವಲ್ಪ ಪ್ರಯೋಜನದ ಸುಳಿವು ಕಂಡಿತೆಂದು ಸಂಶೋಧಕರು ಬರೆದಿದ್ದಾರೆ. ಆದರೆ ಒಂದು ಗುಂಪನ್ನು ಬೇರೆ ಬೇರೆ ರೀತಿಯಲ್ಲಿ ಹೋಳು ಮಾಡುತ್ತಾ ಹೋದರೆ ಎಲ್ಲೋ ಒಂದು ಹೋಳು ಚೆನ್ನಾಗಿ ಕಾಣುವುದು ಸಹಜ. ಅಂಥದ್ದು ಇನ್ನೊಂದು ಪ್ರಯೋಗಕ್ಕೆ ಕಾರಣವಾಗಬಹುದು, ಔಷಧ ಚೀಟಿಗೆ ಅಲ್ಲ.

ನಿಜವಾದ ಪಾಠ ಇರುವುದು ಹುಸಿಮದ್ದಿನ ಗುಂಪಿನಲ್ಲಿ. ದಾಳಿಂಬೆಯ ಹನಿಯೂ ಸೇವಿಸದವರಲ್ಲಿ ಪಿಎಸ್‌ಎ ಏರುವ ವೇಗ ತಗ್ಗಿತು. ಇದರಲ್ಲಿ ಪವಾಡವಿಲ್ಲ. ಪಿಎಸ್‌ಎ ವೇಗವಾಗಿ ಏರುತ್ತಿರುವಾಗಲೇ ಮನುಷ್ಯ ಗಾಬರಿಯಾಗಿ ವೈದ್ಯರ ಬಳಿ ಹೋಗುತ್ತಾನೆ, ಅಧ್ಯಯನಕ್ಕೂ ಸೇರುತ್ತಾನೆ. ಏರಿಳಿಯುವ ಯಾವ ಅಂಕಿಯನ್ನಾದರೂ ಅದರ ಏರಿನ ಹೊತ್ತಿನಲ್ಲೇ ಹಿಡಿದು ಅಳೆಯಲು ಶುರು ಮಾಡಿದರೆ, ಮುಂದಿನ ಅಳತೆ ಸರಾಸರಿಯ ಕಡೆಗೆ ಬರುವ ಸಾಧ್ಯತೆಯೇ ಹೆಚ್ಚು. ಜ್ವರ ನೆತ್ತಿಗೇರಿದ ದಿನ ತಾಯತ ಕಟ್ಟಿಸಿದರೆ ಮರುದಿನ ಜ್ವರ ಇಳಿದ ಯಶಸ್ಸು ತಾಯತಕ್ಕೆ ಸಿಕ್ಕಂತೆ. 2006ರ 15 ಮತ್ತು 54ರ ನಡುವಿನ ಅಂತರದಲ್ಲಿ ದಾಳಿಂಬೆಯ ಪಾಲು ಎಷ್ಟು, ಹೀಗೆ ತಾನಾಗಿ ಆದದ್ದೆಷ್ಟು ಎಂದು ಬಿಡಿಸಿ ಹೇಳಲು ಅಲ್ಲಿ ಕಾಕಾ ಬಿಟ್ಟಂಥ ಎರಡು ಸಾಲು ಇರಲಿಲ್ಲ.

ಇಲಿ ಸಣ್ಣ ಮನುಷ್ಯನಲ್ಲ

ಇಲಿಯಲ್ಲಿ ಹೋಲಿಕೆಯ ಗುಂಪು ಇತ್ತು, ಅಲ್ಲಿ ಗೆದ್ದಿತ್ತು. ಆದರೂ ಮನುಷ್ಯನಲ್ಲಿ ಏಕೆ ಗೆಲ್ಲಲಿಲ್ಲ? ಕಾರಣ ಒಂದೇ ಎಂದು ಹೇಳಲಾಗದು. ಇಲಿಗೂ ನಮಗೂ ಇರುವ ಅಂತರವನ್ನು ಲೆಕ್ಕ ಹಾಕಿದರೆ ಮಾತ್ರ ಆಶ್ಚರ್ಯ ಉಳಿಯುವುದಿಲ್ಲ.

ಮೊದಲನೆಯದು ಹೊಟ್ಟೆ. ದಾಳಿಂಬೆಯ ಮುಖ್ಯ ಸಂಯುಕ್ತಗಳಲ್ಲಿ ಒಂದು ಪ್ಯುನಿಕಲಾಜಿನ್. ಇದು ಹೆಚ್ಚಾಗಿ ಇರುವುದು ನಾವು ಕಿತ್ತು ಬಿಸಾಡುವ ಸಿಪ್ಪೆಯಲ್ಲಿ. ಇಡೀ ಹಣ್ಣನ್ನು ಸಿಪ್ಪೆ ಸಮೇತ ಒತ್ತಿ ತೆಗೆದ ಕಾರ್ಖಾನೆಯ ರಸದಲ್ಲಿ ಅದು ಸಿಗುತ್ತದೆ, ಮನೆಯಲ್ಲಿ ಕಾಳು ಬಿಡಿಸಿ ಮಿಕ್ಸಿಗೆ ಹಾಕಿದ ರಸದಲ್ಲಿ ಬಹಳ ಕಡಿಮೆ. ಈ ಸಂಯುಕ್ತ ಹಾಗೆಯೇ ರಕ್ತಕ್ಕೆ ಸೇರುವುದೂ ಇಲ್ಲ. ಅದು ಒಡೆದು ಎಲಾಜಿಕ್ ಆಮ್ಲವಾಗುತ್ತದೆ, ಅದನ್ನು ಕರುಳಿನ ಬ್ಯಾಕ್ಟೀರಿಯಾಗಳು ಯುರೊಲಿಥಿನ್ ಎಂಬ ವಸ್ತುಗಳಾಗಿ ಬದಲಿಸುತ್ತವೆ. ಪ್ರಾಸ್ಟೇಟ್‌ವರೆಗೆ ತಲುಪುವುದು ಮುಖ್ಯವಾಗಿ ಇವು. ಎಲ್ಲರ ಕರುಳಿನಲ್ಲೂ ಈ ಕೆಲಸ ಮಾಡುವ ಬ್ಯಾಕ್ಟೀರಿಯಾ ಇರುವುದಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಪ್ರಾಸ್ಟೇಟ್ ತೆಗೆಸಿಕೊಳ್ಳಲಿದ್ದ ರೋಗಿಗಳಿಗೆ ಅದಕ್ಕೂ ಮೊದಲು ಕೆಲವು ವಾರ ದಾಳಿಂಬೆ ಸಾರದ ಗುಳಿಗೆ ಕೊಟ್ಟರು. ಗುಳಿಗೆ ತೆಗೆದುಕೊಂಡು ಪರೀಕ್ಷೆಗೊಳಗಾದ 33 ಜನರಲ್ಲಿ 21 ಜನರಲ್ಲಿ ಮಾತ್ರ ಯುರೊಲಿಥಿನ್ ಎ ಕಂಡಿತು. ಒಂದೇ ಲೋಟದ ರಸ ಇಬ್ಬರ ಹೊಟ್ಟೆಯಲ್ಲಿ ಎರಡು ಬೇರೆ ವಸ್ತುಗಳಾಗುತ್ತದೆ ಎಂದಾಯಿತು.

ಎರಡನೆಯದು ಪ್ರಮಾಣ. ಇಲಿಗೆ ಕೊಟ್ಟದ್ದನ್ನು ಮನುಷ್ಯನಿಗೆ ತೂಕದ ಲೆಕ್ಕದಲ್ಲಿ ನೇರವಾಗಿ ಏರಿಸುವಂತಿಲ್ಲ. ಚಿಕ್ಕ ಪ್ರಾಣಿಯ ದೇಹ ವಸ್ತುಗಳನ್ನು ಬೇಗ ಅರಗಿಸಿ ಹೊರಹಾಕುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟಿರುವ ಸೂತ್ರದ ಪ್ರಕಾರ, ಕಿಲೋಗೆ ಇಷ್ಟು ಎಂಬ ಇಲಿಯ ಪ್ರಮಾಣವನ್ನು ಸುಮಾರು 12.3ರಿಂದ ಭಾಗಿಸಬೇಕು. ಇಲಿಗೆ ಕಿಲೋಗೆ 100 ಮಿಲಿಗ್ರಾಂ ಎಂದರೆ ಮನುಷ್ಯನಿಗೆ ಕಿಲೋಗೆ ಸುಮಾರು 8 ಮಿಲಿಗ್ರಾಂ. ಇದೂ ಸುರಕ್ಷಿತವಾಗಿ ಎಲ್ಲಿಂದ ಆರಂಭಿಸಬೇಕು ಎಂಬುದರ ಅಂದಾಜೇ ಹೊರತು, ಇಷ್ಟು ಕೊಟ್ಟರೆ ಗುಣವಾಗುತ್ತದೆ ಎಂಬ ಭರವಸೆಯಲ್ಲ.

ಮೂರನೆಯದು ರೋಗ. ಇಲಿಯ ಚರ್ಮದ ಕೆಳಗೆ ಒಂದೇ ಬಗೆಯ ಕೋಶಗಳಿಂದ ಕೆಲವು ವಾರಗಳಲ್ಲಿ ಬೆಳೆದ ಗಡ್ಡೆಗೂ, 70 ವರ್ಷದ ಹಿರಿಯರ ಪ್ರಾಸ್ಟೇಟಿನಲ್ಲಿ ಹತ್ತಾರು ವರ್ಷ ತೆಗೆದುಕೊಂಡು ಬೆಳೆದ ಕ್ಯಾನ್ಸರಿಗೂ ಬಹಳ ವ್ಯತ್ಯಾಸ. ಇಲಿಗೆ ಟಿ ಕೋಶಗಳಿಲ್ಲ, ಹಿರಿಯರಿಗೆ ಇವೆ. ಇಲಿಗೆ ಸಾರ ಕೊಡಲು ಶುರು ಮಾಡಿದ್ದು ಗಡ್ಡೆ ಮೊಳೆಯುವ ಹೊತ್ತಿಗೆ, ಹಿರಿಯರು ರಸ ಕುಡಿಯುವುದು ರೋಗ ಬೇರುಬಿಟ್ಟ ಎಷ್ಟೋ ವರ್ಷಗಳ ಮೇಲೆ.

ಹಾಗೆಂದು ಇಲಿಯ ಪ್ರಯೋಗ ದಂಡ ಎನ್ನಬಾರದು. ಸಾವಿರ ವಸ್ತುಗಳಲ್ಲಿ ಮನುಷ್ಯರ ಮೇಲೆ ನೋಡಲು ಯೋಗ್ಯವಾದವು ಯಾವುವು ಎಂದು ಸೋಸುವ ಜರಡಿ ಅದು. ಜರಡಿ ದಾಟಿದ್ದೆಲ್ಲ ಅನ್ನವಾಗುವುದಿಲ್ಲ ಅಷ್ಟೆ.

ಗಿಡದಿಂದ ಬಂದು ಗೆದ್ದವರು

ಇಷ್ಟು ಓದಿದ ಮೇಲೆ, ಗಿಡಮೂಲಿಕೆಯೆಂದರೆ ಇಂಗ್ಲಿಷ್ ವೈದ್ಯರಿಗೆ ಅಸಡ್ಡೆ, ಅದಕ್ಕೇ ಹೀಗೆ ಎಂದು ಯಾರಾದರೂ ಅಂದಾರು. ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಯೇ ಆ ಮಾತಿಗೆ ಉತ್ತರ. ಹಾರ್ಮೋನ್ ಚಿಕಿತ್ಸೆಗೂ ಬಗ್ಗದ, ದೇಹದಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಡೊಸಿಟ್ಯಾಕ್ಸೆಲ್ ಎಂಬ ಕಿಮೊ ಔಷಧದ ಮೂಲ ಯೂರೋಪಿನ ಯೂ ಮರದ ಎಲೆ. ಅದರ ಅಣ್ಣನಂಥ ಪ್ಯಾಕ್ಲಿಟ್ಯಾಕ್ಸೆಲ್ ಬಂದದ್ದು ಅಮೆರಿಕದ ಯೂ ಮರದ ತೊಗಟೆಯಿಂದ.

ಪ್ಯಾಕ್ಲಿಟ್ಯಾಕ್ಸೆಲ್ ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಮನ್ಸುಖ್ ವಾಣಿ. ನಾನೀಗ ಬದುಕುತ್ತಿರುವ ಮಹಾರಾಷ್ಟ್ರದವರೇ, ನಂದುರಬಾರಿನಲ್ಲಿ 1925ರಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಓದಿ ಅಮೆರಿಕಕ್ಕೆ ಹೋಗಿ ಮನ್ರೋ ವಾಲ್ ಜೊತೆ ಕೆಲಸ ಮಾಡಿದರು. ತೊಗಟೆ ಸಂಗ್ರಹಿಸಿದ್ದು 1962ರಲ್ಲಿ, ಅಣುರಚನೆ ಪ್ರಕಟವಾದದ್ದು 1971ರಲ್ಲಿ, ಔಷಧವಾಗಿ ಒಪ್ಪಿಗೆ ಸಿಕ್ಕಿದ್ದು 1992ರ ಕೊನೆಗೆ. ತೊಗಟೆಯಿಂದ ಇಂಜೆಕ್ಷನ್ನಿಗೆ 30 ವರ್ಷ. ಇದೇ ಜೋಡಿ 1966ರಲ್ಲಿ ಪ್ರಕಟಿಸಿದ ಕ್ಯಾಂಪ್ಟೊಥೆಸಿನ್ ಎಂಬ ಇನ್ನೊಂದು ಸಂಯುಕ್ತ ನಮ್ಮ ಪಶ್ಚಿಮ ಘಟ್ಟದ, ಮರಾಠಿಯಲ್ಲಿ ನರಕ್ಯಾ ಎನ್ನುವ ಗಬ್ಬು ವಾಸನೆಯ ಮರದಲ್ಲೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಮರದ ಬಗ್ಗೆ ಸಾಕಷ್ಟು ಕೆಲಸ ಮಾಡಿದ್ದಾರೆ.

ಡೊಸಿಟ್ಯಾಕ್ಸೆಲ್‌ಗೆ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ, 1,006 ರೋಗಿಗಳ ಮೇಲೆ ಹಳೆಯ ಔಷಧದೊಂದಿಗೆ ಹೋಲಿಸಿ ನೋಡಿದ ಮೇಲೆ. ಮೂರು ವಾರಕ್ಕೊಮ್ಮೆ ಅದನ್ನು ತೆಗೆದುಕೊಂಡವರ ಬದುಕಿನ ಮಧ್ಯಾಂಕ 18.9 ತಿಂಗಳು, ಹಳೆಯ ಔಷಧದವರದು 16.5 ತಿಂಗಳು. ಗಳಿಕೆ 2.4 ತಿಂಗಳು. 15ರಿಂದ 54ಕ್ಕೆ ಹೋಲಿಸಿದರೆ ಸಪ್ಪೆ ಎನಿಸುತ್ತದೆ. ಆದರೆ ಇದು ಹೋಲಿಕೆಯ ಗುಂಪಿನ ಮುಂದೆ ನಿಂತು ಗೆದ್ದ 2.4 ತಿಂಗಳು. ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬುದಲ್ಲ, ಆ ಪರೀಕ್ಷೆ ದಾಟಿತೋ ಇಲ್ಲವೋ ಎಂಬುದು ಪ್ರಶ್ನೆ.

ಬಾಟಲಿಯ ಕತ್ತಿಗೆ ನೇಣು

ಇನ್ನು ಯಾರೋ ಮುಚ್ಚಿಟ್ಟಿದ್ದಾರೆ ಎಂಬ ಮಾತು. ನಡೆದದ್ದು ಇದರ ಉಲ್ಟಾ. ಕ್ಯಾಲಿಫೋರ್ನಿಯಾದ ಪಾಮ್ ವಂಡರ್‌ಫುಲ್ ಎಂಬ ದಾಳಿಂಬೆ ರಸದ ಕಂಪನಿ ದಾಳಿಂಬೆಯ ಸಂಶೋಧನೆಗೆಂದು 3.5 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತ್ತು. 2006ರ ಅಧ್ಯಯನಕ್ಕೂ ಅದರ ಹಣವಿತ್ತು. ಸಿಕ್ಕ ಫಲಿತಾಂಶಗಳನ್ನು ಜಾಹೀರಾತಿನಲ್ಲಿ ಸಾರಿ ಹೇಳಿತು. ರಸದ ಬಾಟಲಿಯ ಕತ್ತಿಗೆ ಹರಿದ ನೇಣಿನ ಹಗ್ಗ ಹಾಕಿ, ಸಾವಿಗೇ ಚಳ್ಳೆಹಣ್ಣು ತಿನ್ನಿಸಿ ಎಂಬ ಅರ್ಥದ ಒಕ್ಕಣೆಯ ಜಾಹೀರಾತೂ ಬಂದಿತ್ತು.

2010ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. 2013ರಲ್ಲಿ, ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್ ಮುಂತಾದವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂಬರ್ಥದ 36 ಜಾಹೀರಾತುಗಳು ಸುಳ್ಳು ಇಲ್ಲವೇ ದಾರಿ ತಪ್ಪಿಸುವಂಥವು ಎಂದಿತು. 2015ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ಬಹುಮಟ್ಟಿಗೆ ಎತ್ತಿಹಿಡಿದು, ರೋಗದ ಹೆಸರು ಹೇಳಿ ಮಾರಬೇಕಾದರೆ ಕನಿಷ್ಠ ಒಂದಾದರೂ ಸರಿಯಾದ ಹೋಲಿಕೆ ಪ್ರಯೋಗ ಬೇಕು ಎಂದಿತು. 2016ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ನಮ್ಮಲ್ಲೂ ಕಾನೂನಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ, ಪ್ರಾಸ್ಟೇಟ್ ಗ್ರಂಥಿಯ ತೊಂದರೆಗಳೂ ಇವೆ. ಇವನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವಂತಿಲ್ಲ. ಆದರೆ ಫ್ಯಾಮಿಲಿ ಗ್ರೂಪಿನಲ್ಲಿ ಬರುವ ಸಂದೇಶ ಯಾರ ಜಾಹೀರಾತೂ ಅಲ್ಲ. ಅಲ್ಲಿ ಕಾವಲು ನಾವೇ.

ತಾರೀಕು ಮುಂದೆ ಹಾಕಬೇಡಿ

ನಾನು ಇಷ್ಟೆಲ್ಲ ಓದಿದ್ದು ಕುತೂಹಲಕ್ಕಲ್ಲ. ಊರಿನಲ್ಲಿರುವ ನನ್ನ ಸೋದರಮಾವನಿಗೆ ಪ್ರಾಸ್ಟೇಟ್ ತೆಗೆಸಿ ಎರಡು ವರ್ಷವಾಗಿತ್ತು. ಗ್ರಂಥಿಯನ್ನೇ ತೆಗೆದ ಮೇಲೆ ಪಿಎಸ್‌ಎ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅವರದು ನಿಧಾನವಾಗಿ ಏರತೊಡಗಿತು, 0.2 ದಾಟಿತು. ಸೋಲಾಪುರದ ವೈದ್ಯರು ವಿಕಿರಣ ಚಿಕಿತ್ಸೆ ಹೇಳಿದರು. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ಅದೇ ವಾರ ಅವರ ಫೋನಿಗೆ ದಾಳಿಂಬೆ ಸಂದೇಶ ಬಂದಿತ್ತು.

‘ಅಳಿಯಾ, ನೀ ಇರೂದೇ ಇಂದಾಪುರದಾಗ. ಅಲ್ಲಿ ದಾಳಿಂಬ್ರಿ ಚಲೋ ಸಿಗ್ತಾವ. ನಾಕು ತಿಂಗಳು ರಸ ಕುಡದು ನೋಡ್ತೀನಿ. ಕಡಿಮಿ ಆಗಲಿಲ್ಲಂದ್ರ ಆಮ್ಯಾಲ ಕರೆಂಟ್ ಕೊಡಸೂಣು’ ಎಂದರು.

ಆ ನಾಲ್ಕು ತಿಂಗಳಲ್ಲೇ ಅಪಾಯ ಇದ್ದದ್ದು. ರಸದಲ್ಲಲ್ಲ. ಶಸ್ತ್ರಚಿಕಿತ್ಸೆಯ ನಂತರ ಪಿಎಸ್‌ಎ ಏರುವವರಿಗೆ ಕೊಡುವ ವಿಕಿರಣ, ಅಂಕಿ ಇನ್ನೂ ಕಡಿಮೆ ಇರುವಾಗ, 0.5 ದಾಟುವ ಮುಂಚೆ ಕೊಟ್ಟರೆ ಹೆಚ್ಚು ಫಲ ಕೊಡುತ್ತದೆ ಎಂಬುದು ವೈದ್ಯರ ಅನುಭವ. ಕಾದು ನೋಡಿ ಕಳೆದ ಕಾಲ ವಾಪಸ್ ಬರುವುದಿಲ್ಲ.

‘ಮಾಮಾ, ದಾಳಿಂಬ್ರಿ ತಿನ್ರಿ, ನಾನೇ ಪೆಟ್ಟಿಗಿ ಕಳಸ್ತೀನಿ. ಆದ್ರ ಕರೆಂಟಿನ ತಾರೀಖು ಮುಂದ ಹಾಕಬ್ಯಾಡ್ರಿ’ ಎಂದೆ. ಒಂದೇ ಮಾತಿಗೆ ಒಪ್ಪಲಿಲ್ಲ. ಮಾವ ಸ್ವತಃ ರೈತ. ಕಾಕಾ ಬಿಟ್ಟ ಎರಡು ಸಾಲಿನ ಕಥೆ ಹೇಳಿ, ಔಷಧಿ ಹೊಡೆಯದ ಸಾಲಿನಲ್ಲೂ ಕಲೆ ನಿಂತಂತೆ ದಾಳಿಂಬೆ ಕುಡಿಯದವರಲ್ಲೂ ಅಂಕಿ ತಗ್ಗಿತ್ತು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ, ಸೋಲಾಪುರಕ್ಕೆ ದಿನಾ ಯಾರು ಕರೆದುಕೊಂಡು ಹೋಗುತ್ತಾರೆ ಎಂದು. ಅವರ ಹಿಂಜರಿಕೆಯ ಅರ್ಧ ಕಾರಣ ಅಲ್ಲಿತ್ತು. ವಾರಕ್ಕೆ ಐದು ದಿನದಂತೆ ಏಳು ವಾರ ಹೋಗಿಬರಬೇಕಿತ್ತು. ನಾವು ಅಣ್ಣತಮ್ಮಂದಿರು ವಾರ ಹಂಚಿಕೊಂಡೆವು. ನಾನು ಸೋಲಾಪುರದಲ್ಲೇ ಕೋಣೆ ಮಾಡಿ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ವಾರ ಕೆಲಸ ಮಾಡಿದೆ. ಚಿಕಿತ್ಸೆ ಮುಗಿಯಿತು. ಈಗ ತಪ್ಪದೆ ಪಿಎಸ್‌ಎ ನೋಡಿಸುತ್ತಿದ್ದಾರೆ.

ನಿಮಗೂ ಇಂಥ ಫೋನ್ ಬಂದರೆ ಹಿರಿಯರಿಗೆ ಬೈಯಬೇಡಿ, ಹಣ್ಣನ್ನೂ ಬೈಯಬೇಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪ್ರಯೋಗ ನಡೆದದ್ದು ತಟ್ಟೆಯ ಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ಮನುಷ್ಯರ ಮೇಲಾದರೆ ಹೋಲಿಕೆಯ ಗುಂಪು ಇತ್ತೇ? ಇತ್ತು ಎಂದಾದರೆ ಆ ಗುಂಪಿಗಿಂತ ಎಷ್ಟು ಹೆಚ್ಚು ಗುಣ ಕಂಡಿತು? ಮೂರಕ್ಕೂ ಉತ್ತರ ಸಿಗದ ಸಂದೇಶವನ್ನು ಚಿಕಿತ್ಸೆಯ ಜಾಗದಲ್ಲಿ ಕೂರಿಸಬಾರದು.

ಪ್ರಾಸ್ಟೇಟ್ ಕ್ಯಾನ್ಸರ್ ಎಂದ ಕೂಡಲೇ ಎಲ್ಲರಿಗೂ ಕತ್ತರಿ, ಕರೆಂಟ್ ಬೇಕಾಗುವುದಿಲ್ಲ. ನಿಧಾನವಾಗಿ ಬೆಳೆಯುವ ರೋಗವಾದರೆ ಕೆಲವರಿಗೆ ವೈದ್ಯರೇ ಆಗಾಗ ಪರೀಕ್ಷೆ ಮಾಡುತ್ತಾ ಕಾಯೋಣ ಎನ್ನುತ್ತಾರೆ. ಅದು ವೈದ್ಯರ ಕಣ್ಣೆದುರು ಕಾಯುವುದು, ವಾಟ್ಸ್‌ಆ್ಯಪ್ ನಂಬಿ ಕಾಯುವುದಲ್ಲ. ಬೇರೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಮುಖ್ಯವಾಗಿ ರಕ್ತ ತೆಳುವಾಗಿಸುವಂಥವು, ದಿನಾ ರಸ ಅಥವಾ ಸಾರದ ಗುಳಿಗೆ ಶುರು ಮಾಡುವ ಮುಂಚೆ ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ದೊಡ್ಡ ಲೋಟದ ರಸಕ್ಕಿಂತ ಬಿಡಿಸಿದ ಕಾಳು ಮೇಲು.

ಮತ್ತೊಂದು ಮಾತು. ಹಿರಿಯರು ರಸದ ಕಡೆ ವಾಲುವುದು ಎಷ್ಟೋ ಸಲ ವಿಜ್ಞಾನ ತಿಳಿಯದೆ ಅಲ್ಲ. ಆಸ್ಪತ್ರೆ ದೂರ, ಖರ್ಚು ಹೆಚ್ಚು, ಮಕ್ಕಳು ಊರಲ್ಲಿಲ್ಲ, ಯಾರಿಗೂ ಹೊರೆಯಾಗುವುದು ಬೇಡ ಎಂಬ ಸಂಕೋಚ. ದಾಳಿಂಬೆ ಮನೆ ಬಾಗಿಲಿಗೆ ಸಿಗುತ್ತದೆ, ಯಾರನ್ನೂ ರಜೆ ಹಾಕಿ ಬಾ ಎಂದು ಕೇಳುವುದಿಲ್ಲ. ಆದ್ದರಿಂದ ಪ್ರಯೋಗದ ಲೆಕ್ಕ ಹೇಳುವ ಮುಂಚೆ ಒಂದು ಮಾತು ಕೇಳಿ ನೋಡಿ: ಆಸ್ಪತ್ರೆಗೆ ಯಾವತ್ತು ಹೋಗಬೇಕು, ನಾನು ಯಾವತ್ತು ಬರಲಿ?